ನೂರಾ ನಲವತ್ತನಾಲ್ಕನೆಯ ಮುಖ

ಆ ನೀಲಿ ಕೋಟನ್ನು ಮನೆಗೆ ತರುವ ಧೈರ್ಯ ಅವನಿಗೆ ಇದ್ದಿದ್ದರೆ ಇಷ್ಟೆಲ್ಲ ರಾದ್ಧಾಂತ ಆಗುತ್ತಲೇ ಇರಲಿಲ್ಲ. ಆದರೆ ಧೈರ್ಯ ಇರಲಿಲ್ಲ. ದಿನಾ ಬೆಳಿಗ್ಗೆ ಇಸ್ತ್ರಿ ಅಂಗಿ ತೊಟ್ಟು ಮನೆಯಿಂದ ಹೊರಡುತ್ತಿದ್ದ. ಕೆಲಸದ ಜಾಗ ತಲುಪಿದ ಮೇಲೆ, ಪೊರಕೆ ಬಕೆಟ್ಟುಗಳ ಕೋಣೆಯಲ್ಲಿ ಮೊಳೆಗೆ ನೇತುಹಾಕಿದ್ದ ಕೋಟನ್ನು ಹಾಕಿಕೊಳ್ಳುತ್ತಿದ್ದ. ಸಂಜೆ ಅಲ್ಲೇ ಬಿಚ್ಚಿಟ್ಟು ಬರುತ್ತಿದ್ದ. ಕೋಟಿನ ಎದೆಯ ಮೇಲೆ ಹಳದಿ ದಾರದಲ್ಲಿ, ರಸ್ತೆಯ ಆ ಬದಿಗೂ ಕಾಣುವಷ್ಟು ದಪ್ಪ ಅಕ್ಷರಗಳಲ್ಲಿ ‘ಅದೃಷ್ಟ ಆಟದ ಹಾಲ್’ ಎಂದು ಹೊಲಿದಿತ್ತು. ಮನೆಯಲ್ಲಿ ಅವನು ಹೇಳಿದ್ದು ಮಾತ್ರ ಬ್ಯಾಂಕಿನ ಬಾಗಿಲಲ್ಲಿ ಕೆಲಸ ಸಿಕ್ಕಿದೆ ಎಂದು.

ಸುಳ್ಳು ಹೇಳಿದ್ದು ಹೆಂಡತಿಗೆ ಹೆದರಿ ಅಲ್ಲ, ಅತ್ತೆಗೆ ಹೆದರಿ. ಮಾವ ಬದುಕಿದ್ದಾಗ ಜೂಜಿನಲ್ಲಿ ಮೊದಲು ಸೈಕಲ್ಲು ಕಳೆದರು, ಆಮೇಲೆ ಗೋಡೆ ಗಡಿಯಾರ, ಕೊನೆಗೆ ಅತ್ತೆಯ ಹೊಲಿಗೆ ಯಂತ್ರ. ಮಗಳ ಫ್ರಾಕು ಅರ್ಧ ಹೊಲಿದು ಸೂಜಿಯ ಕೆಳಗೇ ಇರುವಾಗ ಗೆದ್ದವರು ಬಂದು ಎತ್ತಿಕೊಂಡು ಹೋದರಂತೆ. ಅಂದಿನಿಂದ ಅತ್ತೆ ಮನೆಯೊಳಗೆ ಹಾವು ಏಣಿ ಆಟವನ್ನೂ ಬಿಟ್ಟುಕೊಂಡವರಲ್ಲ.

ಅಳಿಯನೋ ಪಾಪದವನು. ಹದಿನಾಲ್ಕು ವರ್ಷ ಒಂದು ಫೋಟೋ ಸ್ಟುಡಿಯೋದಲ್ಲಿ ‘ಗದ್ದ ಸ್ವಲ್ಪ ಕೆಳಗೆ, ಎರಡೂ ಕಿವಿ ಕಾಣಲಿ’ ಎಂದು ಹೇಳಿಕೊಂಡು ಪಾಸ್‌ಪೋರ್ಟ್ ಫೋಟೋ ತೆಗೆದವನು. ಎಲ್ಲರ ಜೇಬಿಗೂ ಕ್ಯಾಮೆರಾ ಬಂದ ಮೇಲೆ ಸ್ಟುಡಿಯೋ ಮುಚ್ಚಿತು. ಆಮೇಲೆ ಮೂರು ವರ್ಷ ಅತ್ತೆಯ ಮನೆಯಲ್ಲಿ, ಅತ್ತೆಯ ಸೋಫಾದ ಮೇಲೆ, ಅತ್ತೆಯ ಕಣ್ಣೆದುರು ಕೂತಿದ್ದ. ಆಕೆ ಒಂದು ದಿನವೂ ಒಂದು ಮಾತು ಅನ್ನಲಿಲ್ಲ. ಅನ್ನದೆ ಇದ್ದದ್ದೇ ಅವನನ್ನು ಹೆಚ್ಚು ಚುಚ್ಚುತ್ತಿತ್ತು. ಹೀಗಾಗಿ ಆಟದ ಹಾಲ್‌ನಲ್ಲಿ ಎರಡು ತಿಂಗಳ ಮಟ್ಟಿಗೆ ಕೆಲಸವಿದೆ, ಚೆನ್ನಾಗಿ ಮಾಡಿದರೆ ಖಾಯಂ ಎಂದಾಗ ಹಿಂದೆ ಮುಂದೆ ನೋಡದೆ ಒಪ್ಪಿಕೊಂಡುಬಿಟ್ಟ.

ಹಾಲ್‌ನೊಳಗೆ ದುಡ್ಡಿಗೆ ಟೋಕನ್ನು ಕೊಂಡು ಆಡುವ ಜೂಜಿನ ಯಂತ್ರಗಳ ಸಾಲು. ಅವನ ಕೆಲಸ ಜನರನ್ನು ಒಳಗೆ ಕರೆಯುವುದಲ್ಲ, ತಡೆಯುವುದು. ಬಾಗಿಲ ಬಳಿ ನೆಲದ ಮೇಲೆ ಒಂದು ಹಳದಿ ಗೆರೆ, ಗೆರೆಯ ಪಕ್ಕ ಒಂದು ಕುರ್ಚಿ, ಕುರ್ಚಿಯ ಮೇಲೆ ತಡೆಪುಸ್ತಕ. ಆಟ ಬಿಡಲಾರದೆ ಬಿಡಲಾರದೆ ‘ಇನ್ನು ನನ್ನನ್ನು ಒಳಗೆ ಬಿಡಬೇಡಿ’ ಎಂದು ತಾವೇ ಬರೆದುಕೊಟ್ಟವರು, ‘ನಮ್ಮವರನ್ನು ಬಿಡಬೇಡಿ’ ಎಂದು ಮನೆಯವರು ಬರೆದುಕೊಟ್ಟವರು, ಹೀಗೆ ನೂರಾ ನಲವತ್ತಮೂರು ಜನರ ಮುಖಗಳು ಅದರಲ್ಲಿದ್ದವು, ಪುಟಕ್ಕೊಂದರಂತೆ. ಗ್ರಾಹಕರ ರಕ್ಷಣಾ ಕಚೇರಿಯವರು ಮಾಡಿದ ಏರ್ಪಾಡು ಅದು. ಅಷ್ಟೂ ಮುಖಗಳನ್ನು ಅವನು ಬಾಯಿಪಾಠ ಮಾಡಿದ್ದ. ಮುಖ ಅನ್ನುವುದಕ್ಕಿಂತ ಕಿವಿ ಅನ್ನಬೇಕು. ಮೀಸೆ ಬೋಳಿಸಬಹುದು, ಕೂದಲಿಗೆ ಬಣ್ಣ ಹಚ್ಚಬಹುದು, ಕಿವಿ ಮಾತ್ರ ಹುಟ್ಟಿದಾಗಿನದ್ದೇ ಎಂಬುದು ಅವನು ಸ್ಟುಡಿಯೋದಲ್ಲಿ ಕಲಿತ ವಿದ್ಯೆ. ಬಂದವರ ಕಣ್ಣು ನೋಡದೆ ಕಿವಿಯನ್ನೇ ನೋಡಿ ಮಾತಾಡುತ್ತಿದ್ದುದರಿಂದ ಹಾಲ್‌ನವರೆಲ್ಲ ಅವನನ್ನು ಕಿವಿರಾಯ ಎಂದು ಕರೆಯುತ್ತಿದ್ದರು.

ಎರಡು ತಿಂಗಳ ಕೊನೆಯ ದಿನ ಬೆಳಿಗ್ಗೆ, ಅವನಿನ್ನೂ ಕೋಟಿನ ಗುಂಡಿ ಹಾಕಿಕೊಳ್ಳುತ್ತಿರುವಾಗ, ಮ್ಯಾನೇಜರ್ ಮೇಡಂ ಬಂದು ಪಿಸುಗುಟ್ಟಿದರು.

“ರಕ್ಷಣಾ ಕಚೇರಿ ಅಧಿಕಾರಿ ಇವತ್ತು ನಮ್ಮನ್ನ ಪರೀಕ್ಷೆ ಮಾಡ್ತಾರಂತೆ. ಪುಸ್ತಕದಲ್ಲಿರೋ ಒಬ್ಬರಿಗೆ ವೇಷ ಹಾಕಿ ಕಳಿಸ್ತಾರೆ. ಅವರು ಒಳಗೆ ಹೋಗಿ ಯಂತ್ರದ ಮುಂದೆ ಕುರ್ಚೀಲಿ ಕೂತುಬಿಟ್ರೆ ನಿಮ್ಮ ಕೆಲಸ ಹೋಯ್ತು. ಕೂರೋಕೆ ಮುಂಚೆ ಹಿಡಿದ್ರೆ ಸಂಜೆ ಐದಕ್ಕೆ ಖಾಯಂ ಆದೇಶ.”

ಕಿವಿರಾಯ ಉಳಿದ ಗುಂಡಿಗಳನ್ನು ಬೇಗಬೇಗ ಹಾಕಿಕೊಂಡ. ಭಯ ಎಷ್ಟಾಯಿತೋ ಅಷ್ಟೇ ಹುರುಪೂ ಬಂತು. ಮೂರು ವರ್ಷದ ಸೋಫಾ ಒಂದು ಕಡೆ, ಖಾಯಂ ಆದೇಶ ಇನ್ನೊಂದು ಕಡೆ. ನಡುವೆ ಎಲ್ಲೋ ಒಂದು ಜೊತೆ ಕಿವಿ. ಹಳದಿ ಗೆರೆಯ ಮೇಲೆ ಕಾಲು ಅಗಲಿಸಿ ನಿಂತುಕೊಂಡ.

ಮೊದಲ ಒಂದು ಗಂಟೆಯಲ್ಲಿ ಹನ್ನೊಂದು ಜನರನ್ನು ತಡೆದ. ಹನ್ನೊಂದನೆಯವನು ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡಿದ್ದ, ಕೈಯಲ್ಲಿ ಸ್ಪ್ಯಾನರ್ ತುಂಬಿದ ಚೀಲ. ತಾನು ಯಂತ್ರ ರಿಪೇರಿಯವನು ಎಂದ. ವೇಷ ಹಾಕುವುದೇ ಆದರೆ ಇದಕ್ಕಿಂತ ಒಳ್ಳೆಯ ವೇಷ ಯಾವುದಿದೆ ಎಂದುಕೊಂಡ ಕಿವಿರಾಯ, ಟೋಪಿ ತೆಗೆಸಿ ಮೂವತ್ತೇಳನೆಯ ಪುಟಕ್ಕೂ ಅವನ ಬಲಗಿವಿಗೂ ಮೂರು ಸಲ ತಾಳೆ ನೋಡಿದ. ಒಳಗಿನಿಂದ ಮೇಡಂ ಓಡಿ ಬರುವ ಹೊತ್ತಿಗೆ ನಾಲ್ಕು ಯಂತ್ರಗಳು ಕೆಟ್ಟು ನಿಂತಿದ್ದವು. ಆಡುವವರು ಕೂಗಾಡುತ್ತಿದ್ದರು. ರಿಪೇರಿಯವನು ಮೆಟ್ಟಿಲ ಮೇಲೆ ಕೂತು ಪೇಪರು ಓದಿ ಮುಗಿಸಿದ್ದ.

ಆಮೇಲೆ ತಲೆಗೆ ಶಾಲು ಸುತ್ತಿಕೊಂಡ ಹೆಂಗಸೊಬ್ಬರು ಬಂದರು. ಶಾಲು ತೆಗೆಯಿರಿ ಎಂದು ಹೆಂಗಸರಿಗೆ ಹೇಗೆ ಹೇಳುವುದು? ಸ್ವಲ್ಪ ಯೋಚಿಸಿ, ನಿಮ್ಮ ಓಲೆ ಎಲ್ಲೋ ಬಿದ್ದುಹೋದ ಹಾಗಿದೆ ಎಂದ. ಆಕೆ ಗಾಬರಿಯಿಂದ ಶಾಲು ಸರಿಸಿ ಎರಡೂ ಕಿವಿ ಮುಟ್ಟಿ ನೋಡಿಕೊಂಡರು. ಓಲೆಗಳು ಇದ್ದಲ್ಲೇ ಇದ್ದವು. ಕಿವಿಗಳೂ ಪುಸ್ತಕದಲ್ಲಿ ಇಲ್ಲದ ಕಿವಿಗಳೇ. ಆದರೆ ಆಕೆ ಮೇಡಂ ಅವರ ಅಕ್ಕ, ತಂಗಿಗೆ ಊಟದ ಡಬ್ಬಿ ತಂದವರು. ನಿನ್ನ ಬಾಗಿಲಲ್ಲಿ ನಿಂತವನು ನನ್ನ ಓಲೆಯ ಮೇಲೆ ಕಣ್ಣು ಹಾಕಿದ್ದಾನೆ ಎಂದು ಆಕೆ ತಂಗಿಗೆ ಹೇಳಿದ್ದು ಹೊರಗಿನವರೆಗೂ ಕೇಳಿಸಿತು. ಮೇಡಂ ಬಂದು, ಇನ್ನೊಂದು ಸಲ ಹೀಗಾದರೆ ಅಧಿಕಾರಿ ಬರುವ ತನಕ ಕಾಯುವುದಿಲ್ಲ, ನಾನೇ ಮನೆಗೆ ಕಳಿಸುತ್ತೇನೆ ಎಂದು ಹೋದರು.

ಮಧ್ಯಾಹ್ನ ಒಂದು ಗಂಟೆಗೆ ತಲೆತುಂಬ ಬ್ಯಾಂಡೇಜು ಕಟ್ಟಿಕೊಂಡವನು ಬಂದಾಗ ಕಿವಿರಾಯನಿಗೆ ಅನುಮಾನವೇ ಉಳಿಯಲಿಲ್ಲ. ಎರಡು ಕಿವಿಯೂ ಬಟ್ಟೆಯೊಳಗೆ. ಇವನೇ, ಇವನಲ್ಲದೆ ಇನ್ನಾರು? ಕೈ ಹಿಡಿದು ಕುರ್ಚಿಯಲ್ಲಿ ಕೂರಿಸಿ, ಬಹಳ ಮರ್ಯಾದೆಯಿಂದ, ಒಂದೇ ಒಂದು ಸುತ್ತು ಬಿಚ್ಚಲು ಕೇಳಿಕೊಂಡ. ಆತ ಆಸ್ಪತ್ರೆಯ ಚೀಟಿ ತೋರಿಸಿದ. ಚೀಟಿ ಯಾರು ಬೇಕಾದರೂ ಬರೆಯಬಹುದಲ್ಲ ಎಂದ ಕಿವಿರಾಯ. ಇವರು ವಾದ ಮಾಡುತ್ತಿರುವಾಗ ನೀರಿನ ಕ್ಯಾನು ಹೆಗಲ ಮೇಲೆ ಹೊತ್ತವನೊಬ್ಬ, ದಾರಿ ದಾರಿ ಎನ್ನುತ್ತ, ಪಕ್ಕದಲ್ಲೇ ಒಳಗೆ ನಡೆದುಹೋದ. ಕಿವಿರಾಯ ದಾರಿಯನ್ನೂ ಬಿಟ್ಟುಕೊಟ್ಟ.

ಒಳಗೆ ಹತ್ತು ಹೆಜ್ಜೆ ನಡೆದವನು ಕ್ಯಾನನ್ನು ಎಡ ಹೆಗಲಿಂದ ಬಲ ಹೆಗಲಿಗೆ ದಾಟಿಸಿದ. ಅಷ್ಟು ಹೊತ್ತು ಕ್ಯಾನಿನ ಮರೆಯಲ್ಲಿದ್ದ ಎಡಗಿವಿ ಬೆಳಕಿಗೆ ಬಂತು. ಹಾಲೆ ನಡುವೆ ಸೀಳಿದ ಕಿವಿ. ಎಂಬತ್ತೆಂಟನೆಯ ಪುಟ.

ಕಿವಿರಾಯ ಓಡಿದ. ಕೋಟಿನ ತೋಳು ಬಾಗಿಲ ಹಿಡಿಗೆ ಸಿಕ್ಕಿಕೊಂಡಿತು. ಕೋಟನ್ನು ಅಲ್ಲೇ ಬಿಟ್ಟು ಬರೀ ಅಂಗಿಯಲ್ಲಿ ಓಡಿದ. ಕ್ಯಾನಿನವನೂ ಕ್ಯಾನು ಕೆಳಗಿಟ್ಟು ಯಂತ್ರಗಳ ಸಾಲಿನ ನಡುವೆ ಓಡಿದ. ಆಡುವವರೆಲ್ಲ ಎದ್ದು ನಿಂತರು. ಇಬ್ಬರೂ ಮೂರು ಸಾಲು ಸುತ್ತಿದರು. ಕೊನೆಗೆ ರಸ್ತೆ ಬದಿಯ ದೊಡ್ಡ ಗಾಜಿನ ಕಿಟಕಿಯ ಪಕ್ಕದ ಯಂತ್ರದ ಮುಂದೆ ಖಾಲಿ ಕುರ್ಚಿ ಕಂಡು ಆತ ಇನ್ನೇನು ಕೂರಬೇಕು, ಕುರ್ಚಿಗೂ ಅವನಿಗೂ ಒಂದು ಗೇಣು ಅಂತರ ಇದೆ ಅನ್ನುವಾಗ, ಕಿವಿರಾಯ ದೂರದಿಂದಲೇ ಹಾರಿದ. ಕುರ್ಚಿ ಒಂದು ಕಡೆ ಹೋಯಿತು. ಆತ ಯಂತ್ರದ ಹಿಂದೆ ಬಿದ್ದ. ಪಕ್ಕದಲ್ಲಿದ್ದ ಅಜ್ಜಿಯ ಟೋಕನ್ನಿನ ತಟ್ಟೆ ಮಗುಚಿ ಟೋಕನ್ನುಗಳೆಲ್ಲ ಕಿವಿರಾಯನ ತಲೆಯ ಮೇಲೆ ಸುರಿದವು. ಅವನು ಮಂಡಿಯೂರಿ, ಯಂತ್ರವನ್ನು ಎರಡೂ ತೋಳುಗಳಿಂದ ತಬ್ಬಿ, ಹಿಂದೆ ಬಿದ್ದವನ ಅಂಗಿಯ ತುದಿಯನ್ನು ಬಿಗಿಯಾಗಿ ಹಿಡಿದು, “ಬಿಡಲ್ಲ, ಇವತ್ತು ಬಿಡೋದೇ ಇಲ್ಲ” ಎಂದು ಅರಚುತ್ತಿದ್ದ.

ಸರಿಯಾಗಿ ಅದೇ ಹೊತ್ತಿಗೆ ಗಾಜಿನ ಆಚೆ, ಫುಟ್‌ಪಾತಿನ ಮೇಲೆ, ಅವನ ಪಕ್ಕದ ಮನೆಯ ಮೀಟರ್ ಮಾಮ ನಿಂತಿದ್ದರು. ಮೂವತ್ತು ವರ್ಷ ಮನೆಮನೆಗೆ ಹೋಗಿ ಕರೆಂಟಿನ ಮೀಟರ್ ಓದಿ ನಿವೃತ್ತರಾದವರು. ಕೆಲಸ ಹೋದರೂ ಇಣುಕುವ ಅಭ್ಯಾಸ ಹೋಗಿರಲಿಲ್ಲ. ಕಂಡದ್ದನ್ನು ಸಣ್ಣ ನೋಟುಬುಕ್ಕಿನಲ್ಲಿ ಗಂಟೆ ಸಮೇತ ಬರೆದಿಟ್ಟುಕೊಳ್ಳುವ ಅಭ್ಯಾಸವೂ ಹೋಗಿರಲಿಲ್ಲ. ಯಂತ್ರದ ಹಿಂದೆ ಬಿದ್ದವನು ಅವರಿಗೆ ಕಾಣಲಿಲ್ಲ. ಕಂಡದ್ದು ಪಕ್ಕದ ಮನೆಯ ಅಳಿಯ, ಇಸ್ತ್ರಿ ಅಂಗಿಯಲ್ಲಿ, ಆಟದ ಯಂತ್ರವನ್ನು ತಬ್ಬಿಕೊಂಡು, ತಲೆಯ ತುಂಬ ಟೋಕನ್ನು. ಕಿವಿರಾಯ ತಲೆ ಎತ್ತಿದಾಗ ಇಬ್ಬರ ಕಣ್ಣೂ ಕೂಡಿದವು. ಮೀಟರ್ ಮಾಮ ಗಡಿಯಾರ ನೋಡಿ, ನೋಟುಬುಕ್ಕಿನಲ್ಲಿ ಏನೋ ಬರೆದು, ಬಸ್‌ಸ್ಟಾಪಿನ ಕಡೆ ಬಿರಬಿರನೆ ಹೊರಟುಹೋದರು.

ಅವರ ಹಿಂದೆ ಓಡಬೇಕು ಎನ್ನುವಷ್ಟರಲ್ಲಿ ಚಪ್ಪಾಳೆಯ ಸದ್ದಾಯಿತು. ಎದುರಿನ ಚಹಾದಂಗಡಿಯಲ್ಲಿ ಕೂತು ಎಲ್ಲವನ್ನೂ ನೋಡುತ್ತಿದ್ದ ರಕ್ಷಣಾ ಕಚೇರಿಯ ಅಧಿಕಾರಿ ಒಳಗೆ ಬಂದಿದ್ದರು. ಬಿದ್ದವನನ್ನು ಎಬ್ಬಿಸಿ, ಇವರೇ ನಮ್ಮ ಪರೀಕ್ಷೆಯವರು, ಆಟ ಬಿಟ್ಟು ಎರಡು ವರ್ಷವಾಯಿತು, ತಾವೇ ಮುಂದೆ ಬಂದು ಸಹಾಯ ಮಾಡಿದರು ಎಂದರು. ಎಂಬತ್ತೆಂಟನೆಯ ಪುಟದವರು ಮಂಡಿ ತಿಕ್ಕಿಕೊಳ್ಳುತ್ತಲೇ ಕಿವಿರಾಯನ ಕೈ ಹಿಡಿದು, “ನಾನು ಆಡ್ತಿದ್ದಾಗ ಬಾಗಿಲಲ್ಲಿ ನಿಮ್ಮಂಥೋರು ಇರಬೇಕಿತ್ತು ಕಣ್ರೀ” ಎಂದರು. ಹನ್ನೆರಡು ಹಾಲ್‌ಗಳಲ್ಲಿ ಪರೀಕ್ಷೆ ಮಾಡಿದ್ದೇವೆ, ಹಿಡಿದವರು ಇವರೊಬ್ಬರೇ ಎಂದು ಅಧಿಕಾರಿ ಹೇಳಿದಾಗ ಮೇಡಂ ಅವರ ಅಕ್ಕನೂ ಚಪ್ಪಾಳೆ ತಟ್ಟಿದರು.

ಕಿವಿರಾಯನಿಗೆ ಅಳು ಬಂತು. ಮೂರು ವರ್ಷದಿಂದ ಯಾರೂ ಅವನನ್ನು ಯಾವುದಕ್ಕೂ ಹೊಗಳಿರಲಿಲ್ಲ. ಮೀಟರ್ ಮಾಮನ ನೋಟುಬುಕ್ಕು ಆಗಾಗ ನೆನಪಾಗುತ್ತಿತ್ತು ನಿಜ. ಹೇಳಲಿ ಬಿಡು, ಇವತ್ತು ಸಂಜೆ ಕೋಟು ಹಾಕಿಕೊಂಡೇ ಮನೆಗೆ ಹೋಗುತ್ತೇನೆ, ಆದೇಶವನ್ನು ಅತ್ತೆಯ ಕೈಗೇ ಕೊಡುತ್ತೇನೆ, ನಿಮ್ಮಂಥ ಹೆಂಗಸರ ಹೊಲಿಗೆ ಯಂತ್ರ ಉಳಿಸುವುದೇ ನನ್ನ ಕೆಲಸ ಎನ್ನುತ್ತೇನೆ ಎಂದು ಲೆಕ್ಕ ಹಾಕಿ ಧೈರ್ಯ ತಂದುಕೊಂಡ. ಆ ಮಾತನ್ನು ಕೋಣೆಯ ಬಕೆಟ್ಟುಗಳ ಎದುರು ನಾಲ್ಕು ಸಲ ಹೇಳಿಯೂ ನೋಡಿದ. ಪ್ರತಿ ಸಲವೂ ಚೆನ್ನಾಗಿಯೇ ಬಂತು.

ಐದು ಗಂಟೆಗೆ ಹಾಲ್‌ನ ನಡುವೆ ಸಣ್ಣದೊಂದು ಸಮಾರಂಭವೇ ಆಯಿತು. ಚಹಾ ಬಂತು, ಬಿಸ್ಕತ್ತು ಬಂತು. ಬೇರೆ ಕುರ್ಚಿ ಸಾಲದ್ದರಿಂದ ಕಿವಿರಾಯನನ್ನು ಒಂದನೇ ಯಂತ್ರದ ಮುಂದಿನ ಎತ್ತರದ ಕುರ್ಚಿಯಲ್ಲೇ ಕೂರಿಸಿದರು. ಅಧಿಕಾರಿ ಖಾಯಂ ಆದೇಶವನ್ನು ಕೈಯಲ್ಲಿ ಹಿಡಿದು ಭಾಷಣ ಮಾಡಿದರು. ಮೊದಲೆಲ್ಲ ಮನೆಯವರು ಅರ್ಜಿ ಕೊಟ್ಟರೆ ಪುಟ ಬರಲು ಹದಿನೈದು ದಿನ ಬೇಕಾಗುತ್ತಿತ್ತು, ಈಗ ಎರಡೇ ಗಂಟೆ, ಮಧ್ಯಾಹ್ನ ಕೊಟ್ಟರೆ ಸಂಜೆಗೆ ಎಲ್ಲ ಹಾಲ್‌ಗಳ ಪುಸ್ತಕದಲ್ಲೂ ಮುಖ ಇರುತ್ತದೆ ಎಂದು ಹೆಮ್ಮೆಯಿಂದ ಹೇಳಿದರು. ಉದಾಹರಣೆಗೆ ಇಗೋ, ಇವತ್ತಿನದೇ ಒಂದು ಪುಟ, ನಾಲ್ಕು ಗಂಟೆಗೆ ಜಾರಿಯಾಗಿದೆ ಎಂದು ಚೀಲದಿಂದ ಹೊಸ ಹಾಳೆ ತೆಗೆದರು. ಇಡೀ ದಿನ ಹೊರಗೇ ಇದ್ದ ಅವರು, ಕಚೇರಿಯ ಹುಡುಗ ಆಗಷ್ಟೇ ತಂದುಕೊಟ್ಟ ಅದನ್ನು ಬಿಡಿಸಿಯೂ ನೋಡಿರಲಿಲ್ಲ. ನಿಮ್ಮ ವಿದ್ಯೆಯನ್ನು ಎಲ್ಲರಿಗೂ ಒಂದು ಸಲ ತೋರಿಸಿ ಎಂದು ಕಿವಿರಾಯನ ಕೈಗೆ ಕೊಟ್ಟರು.

ಕಿವಿರಾಯ ಗತ್ತಿನಿಂದ, ಅತ್ತ ನೋಡದೆಯೇ, ಹಾಳೆ ಬಿಡಿಸಿದ. ಮುಖ ನೋಡಿದರೆ ಮೋಸ ಹೋಗುತ್ತೇವೆ ಎಂದು ವಿವರಿಸಿ, ಫೋಟೋದ ಮುಖದ ಮೇಲೆ ಅಂಗೈ ಮುಚ್ಚಿಕೊಂಡು, ಬೆರಳ ಪಕ್ಕದಲ್ಲಿ ಕಾಣುತ್ತಿದ್ದ ಒಂದೇ ಒಂದು ಕಿವಿಯನ್ನು ನೋಡಿದ.

“ಮೊದಲನೇದು, ಈ ಫೋಟೋ ತೆಗೆದೋನು ಕಸುಬು ಬಲ್ಲೋನು. ಬೆಳಕು ನೋಡಿ, ಎಷ್ಟು ಸಮ ಬಿದ್ದಿದೆ. ಇನ್ನು ಕಿವಿ. ಮೇಲಿನ ಅಂಚು ಮಡಿಸಿದ ಹಾಗಿದೆ, ಹಾಲೆ ದಪ್ಪ. ಇಂಥ ಕಿವಿಯೋರು ನೋಡೋಕೆ ಸಾಧು, ಒಳಗೆ ಭಾರೀ ಹಟ. ಗಡ್ಡ ಬಿಟ್ಟು ಬರಲಿ, ಟೋಪಿ ಹಾಕ್ಕೊಂಡು ಬರಲಿ, ಈ ಕಿವಿ ನನ್ನ ಕಣ್ಣು ತಪ್ಪಿಸಿ ಒಳಗೆ ಬರೋದು ಸಾಧ್ಯವೇ ಇಲ್ಲ.”

ಎಲ್ಲರೂ ತಲೆದೂಗಿದರು. ಅವನು ಅಂಗೈಯನ್ನು ಮೆಲ್ಲಗೆ ಮೇಲಕ್ಕೆ ಸರಿಸುವಾಗ ಮೊದಲು ಕಂಡದ್ದು ಮುಖವಲ್ಲ. ಫೋಟೋದಲ್ಲಿದ್ದವನ ಹೆಗಲ ಮೇಲೆ ಯಾರದೋ ಕೈ ಇತ್ತು, ಕತ್ತರಿಯಿಂದ ಮೊಣಕೈವರೆಗೆ ಕತ್ತರಿಸಿ ಉಳಿದ ಹೆಂಗಸಿನ ಕೈ. ಅದರಲ್ಲಿ ಕೆಂಪು ಪಟ್ಟಿಯ ಗಡಿಯಾರ. ಇದು ನಮ್ಮ ಮನೆಯವಳ ಗಡಿಯಾರದ ಹಾಗಿದೆಯಲ್ಲ, ಈ ಹಟಮಾರಿ ಯಾರಪ್ಪ ಅವಳ ಪಕ್ಕದಲ್ಲಿ ಎಂದು ಅರೆಕ್ಷಣ ಸಿಟ್ಟೂ ಬಂತು. ಆಮೇಲೆ ಕೈ ಪೂರ್ತಿ ತೆಗೆದ. ನೂರಾ ನಲವತ್ತನಾಲ್ಕನೆಯ ಪುಟದಿಂದ ಅವನನ್ನೇ ಅವನು ನೋಡುತ್ತಿದ್ದ. ಮದುವೆಯಾದ ಹೊಸದರಲ್ಲಿ ಸ್ಟುಡಿಯೋದಲ್ಲಿ ತಾನೇ ತೆಗೆದುಕೊಂಡಿದ್ದ ಫೋಟೋ. ಕೆಳಗೆ ಅರ್ಜಿದಾರರು: ಅತ್ತೆ. ಸಾಕ್ಷಿ ಹಾಕಿದ್ದವರು ದಿನಾ ಅವನ ಅಂಗಿ ಇಸ್ತ್ರಿ ಮಾಡುವ ಅಂಗಡಿಯ ಹೆಂಗಸು ಮತ್ತು ಮೀಟರ್ ಮಾಮ. ಆಧಾರ: ಮಧ್ಯಾಹ್ನ ಒಂದು ಗಂಟೆ ಹದಿನೆಂಟು ನಿಮಿಷ, ಮಂಡಿಯೂರಿದ ಸ್ಥಿತಿ.

“ಇದು ತಪ್ಪಾಗಿದೆ ಸಾರ್” ಎಂದ ಕಿವಿರಾಯ.

ಅಧಿಕಾರಿಯ ಮುಖ ಸಪ್ಪಗಾಯಿತು. ಪುಸ್ತಕದಲ್ಲಿರುವ ಪ್ರತಿಯೊಬ್ಬರೂ ಹಾಗೆಯೇ ಹೇಳುತ್ತಾರೆ ಎಂದರು. ಕಿವಿರಾಯನೇ ಎರಡು ತಿಂಗಳಿಂದ ಬಾಗಿಲಲ್ಲಿ ದಿನಕ್ಕೆ ಹತ್ತು ಜನಕ್ಕೆ ಹೇಳುತ್ತಿದ್ದ ಮಾತದು. ಸೇರಿಸಿದ ಹೆಸರನ್ನು ಒಂದು ವರ್ಷ ತೆಗೆಯುವಂತಿಲ್ಲ, ಅಧಿಕಾರಿಯೂ ತೆಗೆಯುವಂತಿಲ್ಲ. ಒಳ್ಳೆಯ ಮನುಷ್ಯ, ಆದರೆ ನಿಯಮ ಎಂದರೆ ನಿಯಮ ಅನ್ನುವ ಜಾತಿ. ಗಡಿಯಾರ ನೋಡಿದರು, ಕಿವಿರಾಯ ಕೂತಿದ್ದ ಕುರ್ಚಿ ನೋಡಿದರು, ಅವರ ಹುಬ್ಬು ಗಂಟಿಕ್ಕಿತು.

“ಪುಟ ನಾಲ್ಕಕ್ಕೆ ಜಾರಿ. ಈಗ ಐದೂ ಹತ್ತು. ತಡೆಪುಸ್ತಕದ ವ್ಯಕ್ತಿ ಯಂತ್ರದ ಮುಂದೆ ಕುರ್ಚೀಲೇ ಕೂತಿದಾರೆ. ಬಾಗಿಲಲ್ಲಿ ಡ್ಯೂಟಿ ಯಾರದ್ದು?”

“ನಂದೇ ಸಾರ್.”

ಆದೇಶ ಅಧಿಕಾರಿಯ ಜೇಬಿಗೆ ವಾಪಸಾಯಿತು. ಆಟಗಾರನಾಗಿ ಹೊರಗೆ, ಕಾವಲುಗಾರನಾಗಿಯೂ ಹೊರಗೆ. ನಿಯಮದ ಪ್ರಕಾರ ಅವನಿಗೆ ಒಂದು ಲೋಟ ನೀರು ಕೊಟ್ಟು, ಒಳ್ಳೆಯ ಮಾತಿನಲ್ಲಿ, ಹಳದಿ ಗೆರೆಯ ಆಚೆ ಬಿಟ್ಟರು.

ಆಚೆ ಅತ್ತೆ ನಿಂತಿದ್ದರು. ಪುಟ ನಿಜವಾಗಿ ಜಾರಿಯಾಯಿತೋ ಇಲ್ಲವೋ ಎಂದು ಕಣ್ಣಾರೆ ನೋಡಲು ಬಂದಿದ್ದರು. ಬೆನ್ನ ಹಿಂದೆ ನೋಟುಬುಕ್ಕಿನ ಜೊತೆ ಮೀಟರ್ ಮಾಮ. ಬಕೆಟ್ಟುಗಳ ಎದುರು ಅಷ್ಟು ಚೆನ್ನಾಗಿ ಬಂದಿದ್ದ ಮಾತಿನಲ್ಲಿ ಈಗ ಹೊರಬಂದದ್ದು ಇಷ್ಟೇ.

“ನಾನು ಇಲ್ಲಿ ಆಡೋಕೆ ಬರಲ್ಲ ಅತ್ತೆ. ಕೆಲಸ ಮಾಡ್ತೀನಿ.”

“ನಮ್ಮನೆಯವರೂ ಹಾಗೇ ಹೇಳ್ತಿದ್ರು” ಎಂದರು ಅತ್ತೆ. ಇಷ್ಟು ವರ್ಷದಲ್ಲಿ ಅವನು ಆಕೆಯ ಕಣ್ಣಲ್ಲಿ ನೀರು ನೋಡಿದ್ದು ಅದೇ ಮೊದಲು. ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಮೇಡಂ ಮಧ್ಯಾಹ್ನದಿಂದ ಬಾಗಿಲ ಹಿಡಿಯಲ್ಲೇ ನೇತಾಡುತ್ತಿದ್ದ ಕೋಟನ್ನು ತಂದು ತೋರಿಸಿ ಎಲ್ಲವನ್ನೂ ವಿವರಿಸಿದರು. ಅತ್ತೆ ಎದೆಯ ಮೇಲಿನ ಅಕ್ಷರಗಳನ್ನು ಬೆರಳಿಟ್ಟು ಓದಿದರು. ತಡೆಪುಸ್ತಕದ ಪುಟಗಳನ್ನು ಒಂದೊಂದಾಗಿ ತಿರುವಿದರು. ಆಮೇಲೆ, ಆ ಕಾಲದಲ್ಲಿ ಇಂಥದ್ದೊಂದು ಪುಸ್ತಕ ಇದ್ದಿದ್ದರೆ ನನ್ನ ಯಂತ್ರ ಮನೆಯಲ್ಲೇ ಇರುತ್ತಿತ್ತು ಎಂದಷ್ಟೇ ಹೇಳಿದರು. ಅರ್ಜಿ ವಾಪಸು ತೆಗೆದುಕೊಳ್ಳುತ್ತೇನೆ ಎಂದು ಅಧಿಕಾರಿಯನ್ನು ಕೇಳಿದರು. ಹಾಗೆ ಬಿಟ್ಟರೆ ಆಡುವವರೆಲ್ಲ ಮನೆಯವರ ಕಾಲು ಹಿಡಿದು ಹೆಸರು ತೆಗೆಸಿಕೊಂಡುಬಿಡುತ್ತಾರೆ, ಅದಕ್ಕೇ ಒಂದು ವರ್ಷ ಎಂದರು ಅಧಿಕಾರಿ. ಅತ್ತೆ ಸ್ವಲ್ಪ ಯೋಚಿಸಿ, ನಿಯಮ ಸರಿಯಾಗಿಯೇ ಇದೆ, ತನ್ನ ಅಳಿಯನೆಂದು ಮುರಿಯಬಾರದು ಎಂದುಬಿಟ್ಟರು. ಕಿವಿರಾಯನಿಗೆ ಇದ್ದ ಕೊನೆಯ ಆಸೆಯೂ ಹೋಯಿತು.

ಈ ಗದ್ದಲದಲ್ಲಿ ಬಾಗಿಲು ಖಾಲಿ ಇರುವುದನ್ನು ಕಂಡ ಒಬ್ಬ ದಪ್ಪ ಕನ್ನಡಕದವನು ಗೋಡೆಗೆ ಒರಸಿಕೊಂಡು ಒಳಗೆ ನುಸುಳುತ್ತಿದ್ದ. ಅತ್ತೆ ಅವನ ಕಿವಿಯನ್ನೂ ನೋಡಲಿಲ್ಲ, ಮುಖವನ್ನೂ ನೋಡಲಿಲ್ಲ. ರಟ್ಟೆ ಹಿಡಿದು ನಿಲ್ಲಿಸಿದರು.

“ಜೇಬೊಳಗೆ ಕೈ ಇಟ್ಕೊಂಡು ಎಣಿಸ್ತಾ ನಡೀತಿದ್ದೀಯಪ್ಪ. ನಮ್ಮನೆಯವರ ನಡಿಗೆ ಇದೇ. ಕನ್ನಡಕ ತೆಗಿ.”

ಕನ್ನಡಕ ತೆಗೆದರೆ ಹತ್ತೊಂಬತ್ತನೆಯ ಪುಟ. ಅಧಿಕಾರಿ ಬಾಯಿ ಬಿಟ್ಟು ನೋಡಿದರು. ಮೇಡಂ ಬಾಯಿ ಬಿಡದೆ ಒಳಗೆ ಹೋಗಿ ಪೆನ್ನು ತಂದರು. ಜೇಬಿನಿಂದ ಆದೇಶ ಮತ್ತೆ ಹೊರಬಂತು. ಅದರಲ್ಲಿ ಒಂದು ಹೆಸರಿನ ಮೇಲೆ ಗೀಟು ಬಿತ್ತು, ಇನ್ನೊಂದು ಹೆಸರು ಬಂತು. ಸಾಕ್ಷಿಗೆ ಮೀಟರ್ ಮಾಮ ಸಂತೋಷದಿಂದ ಸಹಿ ಹಾಕಿದರು.

ಅತ್ತೆ ನೀಲಿ ಕೋಟಿನ ತೋಳು ಮಡಿಸಿ ಹಾಕಿಕೊಂಡರು, ಕುರ್ಚಿಯಲ್ಲಿ ಕೂತರು, ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ನೋಡಿದರು. ಕೊನೆಯ ಪುಟಕ್ಕೆ ಬಂದಾಗ ತಲೆ ಎತ್ತಿ, ಗೆರೆಯಾಚೆ ನೀರಿನ ಲೋಟ ಹಿಡಿದು ನಿಂತಿದ್ದವನನ್ನು ಕಾಲಿನಿಂದ ತಲೆಯವರೆಗೆ ತಾಳೆ ನೋಡಿದರು.

“ಇಲ್ಲಿ ನಿಂತ್ಕೋಬೇಡಿ ಅಳಿಯಂದ್ರೆ, ಮನೆಗೆ ಹೋಗಿ. ನಂದು ಇವತ್ತೇ ಮೊದಲನೇ ದಿನ. ನಿಮ್ಮಿಂದ ನನ್ನ ಕೆಲಸಕ್ಕೆ ಸಂಚಕಾರ ಬರೋದು ಬೇಡ.”